ಗಾಳಿಗೆ ಎದುರಾದ ಮೂತಿ

“ಗುರುಗಳೇ, ನಮ್ಮಕ್ಕ ಇನ್ನು ಮುಂದೆ ನಿನ್ನ ಮನೆಯಲ್ಲೇ ಇರುತ್ತೇನೆ ಎಂದು ನನಗೆ ಹೇಳಿ ಕಳಿಸಿದ್ದಾಳೆ. ಬೇಡ ಎನ್ನಲೇ?” ಎಂದು ಇಂದುಮತಿ ಕೇಳಿದಳು.

“ಯಾಕಮ್ಮ ಬೇಡ?”

“ತವರು ನೆನೆದರೆ ಇಂದಿಗೂ ಮನಸ್ಸು ಅರಳುತ್ತದೆ. ಅಪ್ಪ ಕುಡಿದು ಬಂದ ಸಂಜೆಯೂ ನಾವು ಚಿಕ್ಕವರು ಹಿತ್ತಿಲಲ್ಲಿ ಕುಂಟೆಬಿಲ್ಲೆ ಆಡಿ ನಗುತ್ತಿದ್ದೆವು. ಅಕ್ಕ ಮಾತ್ರ ನಮ್ಮನ್ನು ಗದರಿ ಹೊರಗಟ್ಟಿ, ಒಳಗಿನಿಂದ ಅಗುಳಿ ಹಾಕಿಕೊಳ್ಳುತ್ತಿದ್ದಳು. ಯಾವಾಗಲೂ ಹರಳೆಣ್ಣೆ ಕುಡಿದ ಮುಖ. ಅದನ್ನು ಮತ್ತೆ ದಿನಾ ನೋಡಲೇ?”

ಹೇಳುತ್ತಿದ್ದಂತೆ ಅವಳಿಗೆ ಆ ಹಿತ್ತಿಲಿನ ಬಚ್ಚಲೊಲೆಯ ಹೊಗೆ ಮೂಗಿಗೆ ಬಡಿದಂತಾಯಿತು. ಗುರುಗಳು ಕತೆ ಹೇಳಿದರು.

“ಒಂದೂರಿನಲ್ಲಿ ಗಾಳಿಸುರಂಗವಿತ್ತು. ವಿಮಾನದ ಪುಟ್ಟ ಮಾದರಿಯನ್ನು ಅದರೊಳಗೆ ನಿಲ್ಲಿಸಿ ಬಿರುಗಾಳಿ ಬಿಡುತ್ತಿದ್ದರು. ಗಾಳಿ ಎಲ್ಲಿ ಎಷ್ಟು ಒತ್ತುತ್ತದೆಂದು ತಿಳಿಯಲು ಅದಕ್ಕೆ ಒಂದು ಬಣ್ಣ ಬಳಿಯುತ್ತಿದ್ದರು. ಕತ್ತಲಲ್ಲಿ ನೀಲಿ ದೀಪ ಬಿಟ್ಟರೆ ಆ ಬಣ್ಣ ಕೆಂಪಗೆ ಬೆಳಗುತ್ತಿತ್ತು.

“ಹೊಸದಾಗಿ ಬಂದ ಎಂಜಿನಿಯರ್ ಒಬ್ಬ ಗಾಳಿ ಬಿಟ್ಟು ಫೋಟೋ ತೆಗೆದ. ರೆಕ್ಕೆಗಳ ಮೇಲ್ಭಾಗ ಕೆಂಡದಂತೆ ಹೊಳೆಯಿತು. ಮೂತಿ ಮಂಕಾಗಿತ್ತು. ಮೂತಿಯ ಬಣ್ಣ ಕೆಟ್ಟಿದೆ ಎಂದುಕೊಂಡು, ಕೆರೆದು ಹಾಕಲು ಉಪ್ಪುಕಾಗದ ಕೈಗೆತ್ತಿಕೊಂಡ.

“ಅವನ ಹಿರಿಯ ಅಧಿಕಾರಿ ತಡೆದಳು. ‘ಗಾಳಿ ಬಿಡುವ ಮೊದಲು ತೆಗೆದ ಫೋಟೋ ಎಲ್ಲಿ?’

“‘ಅದನ್ನು ತೆಗೆದಿಲ್ಲ ಮೇಡಂ. ಗಾಳಿಯೇ ಇಲ್ಲದಾಗ ನೋಡುವುದೇನು?’

“‘ಹೆಣ್ಣು ನೋಡಲು ಹೋದಾಗಲೂ ಉಪ್ಪಿಟ್ಟು ನೋಡಿಕೊಂಡು ಎದ್ದು ಬಂದೆಯೇನಪ್ಪ?’

“ಗಾಳಿ ನಿಲ್ಲಿಸಿದರು. ಮತ್ತೆ ಫೋಟೋ ತೆಗೆದರು. ಮೂತಿಯೂ ರೆಕ್ಕೆಯಷ್ಟೇ ಬೆಳಗುತ್ತಿತ್ತು.

“‘ನೋಡು, ಬಣ್ಣ ಕೆಟ್ಟಿಲ್ಲ. ಗಾಳಿಯ ಆಮ್ಲಜನಕ ಈ ಬೆಳಕನ್ನು ನುಂಗುತ್ತದೆ. ಗಾಳಿ ಹೆಚ್ಚು ಒತ್ತಿದ ಕಡೆ ಬೆಳಕು ಕುಗ್ಗುತ್ತದೆ. ರೆಕ್ಕೆಯ ಮೇಲೆ ಗಾಳಿ ಹಗುರಾಗಿ ಜಾರಿಹೋಯಿತು, ಅದು ಹೊಳೆಯಿತು. ಎದುರಿಗೆ ನಿಂತು ತಡೆದದ್ದು ಮೂತಿ.’

“ಎಂಜಿನಿಯರ್ ಉಪ್ಪುಕಾಗದವನ್ನು ಕೆಳಗಿಟ್ಟ.”

ಇಂದುಮತಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, “ನಾನು ಕೇಳಿದ್ದು ಅಕ್ಕನ ವಿಷಯ, ಗುರುಗಳೇ” ಎಂದಳು.

“ಹೌದಮ್ಮ. ನಿಮ್ಮಪ್ಪ ಊರಲ್ಲಿಲ್ಲದ ದಿನ ಅವಳ ಮುಖ ಹೇಗಿರುತ್ತಿತ್ತು?”