ಬೀಳದ ರೋಗಿ

ಇದನ್ನು ನನಗೆ ಮೊದಲು ಹೇಳಿದವರು ಮಠದ ದಾಸೋಹದಲ್ಲಿ ಬಡಿಸುವ ಗುರುಲಿಂಗಪ್ಪನವರು.

ವೈದ್ಯಕೀಯ ಕಾಲೇಜೊಂದರಲ್ಲಿ ವೈದ್ಯನೀತಿಯ ಪರೀಕ್ಷೆ. ಕೆಟ್ಟ ಸುದ್ದಿಯನ್ನು ರೋಗಿಗೆ ಹೇಗೆ ಹೇಳಬೇಕು ಎಂಬುದೇ ಪ್ರಶ್ನೆ. ರೋಗಿಯ ಪಾತ್ರಕ್ಕೆ ದೊಡ್ಡಾಟದ ನಟನೊಬ್ಬನನ್ನು ಕರೆಸಿದ್ದರು.

“ಸುದ್ದಿ ಕೇಳಿದ ಕೂಡಲೇ ದೊಪ್ಪನೆ ಬೀಳಬೇಕು. ಹುಡುಗರ ಧೈರ್ಯ ನೋಡಬೇಕು,” ಎಂದು ಪ್ರೊಫೆಸರ್ ತಾಕೀತು ಮಾಡಿದರು. ಎಷ್ಟೋ ಯುದ್ಧಗಳಲ್ಲಿ ಸತ್ತು ಬಿದ್ದವನಿಗೆ ಇದೇನು ಮಹಾ, ಎಂದುಕೊಂಡ ನಟ.

ವಿದ್ಯಾರ್ಥಿನಿ ದಾನೇಶ್ವರಿ ಅವನ ಪಕ್ಕದಲ್ಲಿ ಕುಳಿತು, ಕೈ ಹಿಡಿದು, ಮೆಲ್ಲಗೆ ಹೇಳಿದಳು. ನಟ ಬೀಳಲೇ ಇಲ್ಲ.

“ಯಾಕಯ್ಯಾ ಬೀಳಲಿಲ್ಲ?” ಎಂದು ಪ್ರೊಫೆಸರ್ ಗದರಿದರು.

“ಹೆಂಗ ಬೀಳ್ಲಿ ಸಾಹೇಬ್ರ? ಅಕ್ಕಾರು ಕೈ ಹಿಡ್ಕೊಂಡಿದ್ರಲ್ಲ!”

ಪ್ರೊಫೆಸರ್ ಹುಡುಗಿಯ ಕಡೆ ತಿರುಗಿದರು. “ಇದು ಆಸ್ಪತ್ರೆಯೋ, ನೆಂಟರ ಮನೆಯೋ? ನೀನು ಫೇಲು! ಹೇಳೋದು ಹೇಗೆ ಅಂತ ನಾನು ತೋರಿಸ್ತೀನಿ.”

ಹುಡುಗಿಯ ಕಣ್ಣು ತುಂಬಿದ್ದನ್ನು ನಟ ನೋಡಿದ.

ಪ್ರೊಫೆಸರ್ ಬಾಗಿಲಲ್ಲೇ ನಿಂತು, “ನಿನಗೆ ಕ್ಯಾನ್ಸರ್ ಇದೆ,” ಎಂದರು.

ನಟ ದೊಪ್ಪನೆ ಬಿದ್ದ. ಕರೆದರೂ ಏಳಲಿಲ್ಲ, ಅಲುಗಾಡಲೂ ಇಲ್ಲ. ಪ್ರೊಫೆಸರ್ ಗಾಬರಿಯಿಂದ ಓಡಿಬಂದು, ನೆಲದ ಮೇಲೆ ಕುಳಿತು, ಅವನ ಕೈ ಹಿಡಿದು, “ಏನಾಯ್ತಪ್ಪಾ?” ಎಂದರು.

ನಟ ಒಂದು ಕಣ್ಣು ತೆರೆದ. “ಹಾಂ, ಈಗ ಹೇಳ್ರಿ ಸಾಹೇಬ್ರ, ಕೇಳ್ತೀನ್ರಿ.”

ಪ್ರೊಫೆಸರ್ ನಕ್ಕುಬಿಟ್ಟರು. ದಾನೇಶ್ವರಿ ಪಾಸಾದಳು.

ಈ ಕಥೆಯನ್ನು ನೀವೂ ನಾಲ್ಕು ಜನಕ್ಕೆ ಹೇಳಿ. ಬಾಗಿಲಲ್ಲಿ ನಿಂತು ಹೇಳಬೇಡಿ, ಪಕ್ಕದಲ್ಲಿ ಕುಳಿತು ಹೇಳಿ.