ಭೋಗ್ಯಕ್ಕೆ ಬಿದ್ದ ಕೊಡ

ಭೋಗ್ಯಪತ್ರವನ್ನು ಶಲ್ಯದ ತುದಿಗೆ ಗಂಟು ಹಾಕಿಕೊಂಡು ವೀರಣ್ಣಶೆಟ್ಟರು ಹಾಲುಬೆಟ್ಟ ಹತ್ತಿದರು. ಇನ್ನೂರ ಹತ್ತು ಮೆಟ್ಟಿಲು. ಅರವತ್ತು ದಾಟಿದ ಮೊಣಕಾಲು. ಮೇಲೆ, ಗುಡಿಯ ಹಿಂದಿನ ಹುಲ್ಲು ಮಾಡಿನಡಿ ಶ್ರೀ ಪರ್ವತಸ್ವಾಮಿಗಳು ಮುತ್ತುಗದ ಊಟದೆಲೆ ಹಚ್ಚುತ್ತ ಕುಳಿತಿದ್ದರು.

ದಿನವೂ ಹೊಳೆಯಿಂದ ಒಂದು ಕೊಡ ನೀರು ಹೊತ್ತು ತಂದು ಅಭಿಷೇಕಕ್ಕೆ ಒಪ್ಪಿಸುವುದು ಗುಡಿಯ ಸೇವೆಯ ತಮ್ಮಡಿ ಮಲ್ಲಯ್ಯನ ಮನೆತನದ ಹಕ್ಕು. ಅದಕ್ಕೆ ಗುಡಿಯಿಂದ ಎರಡು ಸೇರು ಪಡಿಯಕ್ಕಿ. ಹೆಂಡತಿಯ ಆಸ್ಪತ್ರೆ ಖರ್ಚಿಗೆಂದು ಮಲ್ಲಯ್ಯ ಪೇಟೆಯ ಬ್ಯಾಂಕಿಗೆ ಹೋಗಿದ್ದ. ಹೊಲ ಇದೆಯೇ, ಮನೆ ಇದೆಯೇ ಎಂದು ಕೇಳಿದರು. ಕೊಡ ಇದೆ ಎಂದ. ನಕ್ಕು ಕಳುಹಿಸಿದರು. ಸಾಲಕ್ಕೆ ತನ್ನ ಹಿರಿಯರು ಬರುತ್ತಿದ್ದ ಶೆಟ್ಟರ ಜಗಲಿಗೇ ಬಂದು ಆ ಹಕ್ಕನ್ನೇ ಭೋಗ್ಯಕ್ಕೆ ಹಾಕಿದ. ಬಡ್ಡಿ ಇಲ್ಲ, ಸಾಲ ತೀರುವ ತನಕ ಹಕ್ಕಿನ ಫಲ ಶೆಟ್ಟರದು.

ಸ್ವಾಮಿಗಳ ಮಾತಿಲ್ಲದೆ ಪಡಿ ಅಳೆಯುವುದಿಲ್ಲ ಎಂದು ಗುಡಿಯ ಯಜಮಾನರು ಹೇಳಿದ್ದರು. ಶೆಟ್ಟರು ಅದನ್ನೇ ಅರಿಕೆ ಮಾಡಿಕೊಂಡರು. ನೀರನ್ನು ಮಲ್ಲಯ್ಯನೇ ತರಲಿ, ಅಕ್ಕಿ ತಮಗೆ ಬರಲಿ ಎಂದರು. ಇಂಥ ನೂರು ಪತ್ರ ಪೆಟ್ಟಿಗೆಯಲ್ಲಿವೆ, ಒಂದೊಂದಕ್ಕೂ ಅಲೆದು ಸಾಕಾಗಿದೆ ಎಂದರು. ದೇವರಲ್ಲಿ ತಮಗೆ ಅಷ್ಟು ನಂಬಿಕೆಯಿಲ್ಲ, ಪತ್ರದಲ್ಲಿದೆ ಎಂದೂ ಸೇರಿಸಿದರು.

ಸ್ವಾಮಿಗಳು ಕೈಯಲ್ಲಿದ್ದ ಎಲೆಯನ್ನು ಹಚ್ಚಿ ಮುಗಿಸಿದರು.

“ಭೋಗ್ಯದ ಹೊಲವನ್ನು ಉಳುವವರು ಯಾರು, ಶೆಟ್ಟರೆ?”

“ಭೋಗ್ಯ ಹಿಡಿದವರೇ, ಬುದ್ಧಿ.”

“ಹಾಗಾದರೆ ಕೊಡ ಅಲ್ಲಿದೆ.”

ಅಂದಿನ ನೀರು ಒಪ್ಪಿಸಿ ಅಲ್ಲೇ ನಿಂತಿದ್ದ ಮಲ್ಲಯ್ಯ ತಲೆಯ ಮೇಲಿನ ಸಿಂಬೆಯನ್ನು ತೆಗೆದು ಕೊಟ್ಟ. “ಸಿಂಬೆ ಪತ್ರದಲ್ಲಿಲ್ಲ, ಶೆಟ್ರೆ. ಆದ್ರೂ ಇಟ್ಕೊಳ್ಳಿ.”

ಹಠಕ್ಕೆ ಬಿದ್ದು ಶೆಟ್ಟರು ಹೊತ್ತರು. ಪಡಿ ಪಡೆದರು. ಎಂಟು ದಿನ ಹೀಗೆ ನಡೆಯಿತು. ಒಂಬತ್ತನೆಯ ದಿನ, ನೂರನೆಯ ಮೆಟ್ಟಿಲ ಹತ್ತಿರ ಉಸಿರು ಸಾಲದೆ ಪಕ್ಕದ ಬಂಡೆಯ ಮೇಲೆ ಕೊಡ ಇಳಿಸಿದರು. ಅದು ಅಲುಗದೆ ಕುಳಿತಿತು. ಎತ್ತಿ ನೋಡಿದರು. ಕಲ್ಲಿನಲ್ಲಿ ಕೊಡದ ತಳದಷ್ಟೇ ಅಗಲದ ಗುಳಿ. ಮಲ್ಲಯ್ಯನ ತಂದೆ, ತಾತ, ಮುತ್ತಾತ ಅಲ್ಲೇ ಇಳಿಸಿ ಇಳಿಸಿ ಸವೆಸಿದ್ದು. ಶೆಟ್ಟರು ಅದರ ಪಕ್ಕದಲ್ಲಿ ಬಹಳ ಹೊತ್ತು ಕುಳಿತರು. ಅಂದು ಅಭಿಷೇಕ ತಡವಾಯಿತು.

ಬೆಟ್ಟ ಇಳಿದವರೇ ಶೆಟ್ಟರು ಪತ್ರವನ್ನು ಮಲ್ಲಯ್ಯನ ಕೈಗಿತ್ತರು. ಹಣ ಕೈಲಾದಾಗ ಕೊಡು ಎಂದರು. ಪಡಿಯಕ್ಕಿ ಮತ್ತೆ ಆ ಮನೆಗೆ ಹೋಯಿತು. ಸೋಮವಾರದ ಕೊಡವೊಂದನ್ನು ಮಾತ್ರ ಅವನಿಂದ ಕೇಳಿ ಪಡೆದರು. ಕಾಲು ನಡೆಯುವ ತನಕ ಅದನ್ನು ಹೊತ್ತರು. ಆ ದಿನದ ಅಕ್ಕಿಯನ್ನು ಮುಟ್ಟಲಿಲ್ಲ.