ಬೇಳೆಯಕ್ಕನ ತೂಕದ ಬಟ್ಟು

ಒಬ್ಬ ಶಿಷ್ಯ ಗುರುಗಳನ್ನು ನೋಡಲು ಬಂದ. ಅವನು ಆ ವರ್ಷವಷ್ಟೇ ಚುನಾವಣೆಯಲ್ಲಿ ಗೆದ್ದು ತನ್ನ ಊರಿನ ಪುರಸಭೆಗೆ ಅಧ್ಯಕ್ಷನಾಗಿದ್ದ. ಕೂತವನೇ ಕೇಳಿದ:

"ಗುರುಗಳೇ, ನಮ್ಮ ಊರಿನಲ್ಲಿ ಒಬ್ಬ ಗಿರಣಿ ಮಾಲೀಕರಿದ್ದಾರೆ. ಲಂಚ ಕೊಡುವವರಲ್ಲ, ಅಡ್ಡದಾರಿ ಕೇಳುವವರೂ ಅಲ್ಲ. ಪುರಸಭೆಗೆ ಏನು ಕೊರತೆ ಬಿದ್ದರೂ ತಾವೇ ಮುಂದೆ ಬಂದು ಕೊಡುತ್ತಾರೆ. ಕೆಟ್ಟವರಿಂದ ತೆಗೆದುಕೊಳ್ಳುವುದು ತಪ್ಪು, ಒಪ್ಪಿದೆ. ಒಳ್ಳೆಯವರಿಂದ ತೆಗೆದುಕೊಂಡರೆ ಸರ್ಕಾರಕ್ಕೇನು ನಷ್ಟ?"

"ನಷ್ಟ ಸರ್ಕಾರದ್ದೇ ಆಗಬೇಕೆಂದೇನಿಲ್ಲ. ಕೇಳು" ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ವ್ಯಾಪಾರಿ ಹೆಂಗಸಿದ್ದಳು. ಬೇಳೆಕಾಳು ಮಾರುತ್ತಿದ್ದಳು. ಊರು ಅವಳನ್ನು ಬೇಳೆಯಕ್ಕ ಎನ್ನುತ್ತಿತ್ತು. ಮೊದಲು ಅವಳು ತಲೆಯ ಮೇಲೆ ಬುಟ್ಟಿ ಹೊತ್ತು ಬೀದಿ ಬೀದಿ ತಿರುಗಿ ಮಾರಿದವಳು. ಬುಟ್ಟಿ ತುಂಬಿಸಿಕೊಳ್ಳಲು ದೊಡ್ಡ ಮಂಡಿಗೆ ಹೋಗಬೇಕಾಗಿತ್ತು. ಮಂಡಿಯ ಸಾಹುಕಾರನ ಬಳಿ ಒಂದು ತೂಕದ ಕಲ್ಲಿತ್ತು. ಅವನು ಅದನ್ನು ಹತ್ತು ಸೇರು ಎಂದರೆ ಅದು ಹತ್ತು ಸೇರು. ಮನೆಗೆ ತಂದು ಅಳೆದರೆ ಒಂಬತ್ತೂವರೆಯೂ ಆಗುತ್ತಿರಲಿಲ್ಲ. ಒಮ್ಮೆ ಧೈರ್ಯ ಮಾಡಿ ಕೇಳಿದಳು.

"ನಿನ್ನ ಸೇರೇ ದೊಡ್ಡದಿರಬೇಕು ಕಣಮ್ಮ" ಎಂದ ಸಾಹುಕಾರ.

ಮಂಡಿಯಲ್ಲಿದ್ದವರೆಲ್ಲ ನಕ್ಕರು. ಅವಳು ಬುಟ್ಟಿ ಎತ್ತಿಕೊಂಡು ಹೊರಟಳು. ಆ ನಗು ಬಹಳ ಕಾಲ ಅವಳ ಕಿವಿ ಬಿಟ್ಟು ಹೋಗಲಿಲ್ಲ.

ಆಮೇಲೆ ಕಾಲ ಬದಲಾಯಿತು. ಜನ ಆರಿಸಿದ ಸರ್ಕಾರ ಬಂತು. ಸೇರು, ಮಣ ಹೋಗಿ ಕಿಲೋ ಬಂತು. ವರ್ಷಕ್ಕೊಮ್ಮೆ ತೂಕದ ಇಲಾಖೆಯ ಅಧಿಕಾರಿಯೊಬ್ಬ ಪೇಟೆಗೆ ಬರತೊಡಗಿದ. ಅವನ ಜೊತೆ ಒಂದು ಮರದ ಪೆಟ್ಟಿಗೆ ಬರುತ್ತಿತ್ತು. ಅದರೊಳಗೆ ಸರ್ಕಾರದ ಹಿತ್ತಾಳೆ ಬಟ್ಟುಗಳು. ಕೈಯ ಬೆವರು ತಾಗಿದರೂ ತೂಕ ಕೆಡುತ್ತದೆಂದು ಅವನು ಅವುಗಳನ್ನು ಬಟ್ಟೆಯಲ್ಲಿ ಹಿಡಿದೇ ಎತ್ತುತ್ತಿದ್ದ. ಪೇಟೆಯ ನಡುವಿನ ಬಯಲಿನಲ್ಲಿ ಮೇಜು ಹಾಕುತ್ತಿದ್ದ. ಅಂಗಡಿಯವರೆಲ್ಲ ತಮ್ಮ ಕಬ್ಬಿಣದ ಬಟ್ಟುಗಳನ್ನು ತಂದು ಬಿಸಿಲಿನಲ್ಲಿ ಸಾಲಾಗಿ ನಿಲ್ಲಬೇಕು. ಒಂದು ತಟ್ಟೆಗೆ ಸರ್ಕಾರದ ಬಟ್ಟು, ಇನ್ನೊಂದು ತಟ್ಟೆಗೆ ಅಂಗಡಿಯವನ ಬಟ್ಟು. ಎರಡೂ ಸಮ ಬಂದರೆ, ಬಟ್ಟಿನ ತಳದಲ್ಲಿ ತುಂಬಿದ ಸೀಸದ ಮೇಲೆ ಆ ವರ್ಷದ ಮುದ್ರೆ ಬೀಳುತ್ತಿತ್ತು.

ಅಷ್ಟರಲ್ಲಿ ಬೇಳೆಯಕ್ಕ ಸಣ್ಣದೊಂದು ಅಂಗಡಿ ಇಟ್ಟಿದ್ದಳು. ಮೊದಲ ವರ್ಷದ ಸಾಲಿನಲ್ಲಿ ಅವಳ ಮುಂದೆ ನಿಂತಿದ್ದವನು ಮಂಡಿಯ ಸಾಹುಕಾರ. ಅವನೂ ಬೆವರುತ್ತಿದ್ದ. ಅವನ ಐದು ಕಿಲೋದ ಬಟ್ಟು ಹಗುರ ಬಂತು. ಅಧಿಕಾರಿ ಅದನ್ನು ಪಕ್ಕಕ್ಕಿಟ್ಟು, "ಮುಂದಿನವರು ಬನ್ನಿ" ಎಂದ. ಸಾಹುಕಾರ ಉಳಿದ ಬಟ್ಟುಗಳನ್ನು ಎತ್ತಿಕೊಂಡು ಹೊರಟ. ಆ ದಿನ ಬೇಳೆಯಕ್ಕನಿಗೆ ಆದ ಸಂತೋಷ ಮುಂದೆ ಯಾವ ಲಾಭದಲ್ಲೂ ಸಿಗಲಿಲ್ಲ.

ಇನ್ನೊಂದು ವರ್ಷ ಅವಳದೇ ಅರ್ಧ ಕಿಲೋ ಹಗುರ ಬಂತು.

"ಸವೆದಿದೆ ತಾಯಿ" ಎಂದ ಅಧಿಕಾರಿ.

"ನಾನು ಸವೆಸಿಲ್ಲಪ್ಪ."

"ನೀವು ಸವೆಸಿದಿರಿ ಅಂತ ನಾನೆಲ್ಲಿ ಅಂದೆ? ದಿನಾ ದುಡಿಯೋದು ದಿನಾ ಸವೆಯುತ್ತೆ. ಅದಕ್ಕೇ ಅಲ್ಲವೇ ನಾನು ಬರೋದು?"

ಅವಳು ತಲೆ ತಗ್ಗಿಸಿಕೊಂಡು ಬಂದಳು. ಹೊಸ ಬಟ್ಟು ಕೊಂಡಳು. ಒಂದು ತಿಂಗಳ ಕಾಲ ಗಿರಾಕಿಗಳಿಗೆಲ್ಲ ತೂಕದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕಿದಳು. ಯಾಕೆಂದು ಯಾರಿಗೂ ಹೇಳಲಿಲ್ಲ. ಮರುವರ್ಷ ಒಂದು ಚೊಂಬು ಮಜ್ಜಿಗೆ ತಂದು ಅಧಿಕಾರಿಯ ಮೇಜಿನ ಮೇಲಿಟ್ಟಳು.

"ಎಲ್ಲರದೂ ಮುಗಿಯಲಿ ತಾಯಿ. ಈಗ ಕುಡಿದರೆ ನಿಮ್ಮ ತಕ್ಕಡಿ ನನ್ನನ್ನು ನೋಡಿ ನಗುತ್ತೆ" ಎಂದ ಅವನು. ಸಂಜೆ ಎಲ್ಲರದೂ ಮುಗಿಯಿತು. ಆಗಲೂ ಅವನು ಬಸ್ ನಿಲ್ದಾಣದ ನಲ್ಲಿಗೆ ಬಾಯೊಡ್ಡಿ ನೀರು ಕುಡಿದು ಬಸ್ಸು ಹತ್ತಿದ. ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ನೆಮ್ಮದಿಯೂ ಬಂತು.

ಆ ಅಧಿಕಾರಿ ನಿವೃತ್ತನಾದ. ಅವನ ಜಾಗಕ್ಕೆ ಹೊಸಬ ಬಂದ. ಅದೇ ವರ್ಷ ಪೆಟ್ಟಿಗೆ ಬಸ್ಸಿನ ಮೇಲಿನಿಂದ ಬಿದ್ದು, ಬಟ್ಟುಗಳಿಗೆ ಪೆಟ್ಟಾಯಿತು. ಪೆಟ್ಟಾದ ಬಟ್ಟಿನಿಂದ ಇನ್ನೊಬ್ಬರ ತೂಕ ನೋಡುವಂತಿಲ್ಲ. ರಾಜಧಾನಿಗೆ ಕಾಗದ ಹೋಯಿತು. ಹೊಸ ಪೆಟ್ಟಿಗೆಗೆ ಕಾಯಿರಿ ಎಂದು ಉತ್ತರ ಬಂತು. ಹೊಸ ಅಧಿಕಾರಿ ಬೇಳೆಯಕ್ಕನ ಅಂಗಡಿಗೆ ಬಂದ.

"ಅಕ್ಕಾ, ಈ ಪೇಟೆಯಲ್ಲಿ ಯಾರ ತೂಕ ಸರಿ ಅಂತ ಹತ್ತು ಜನರನ್ನು ಕೇಳಿದೆ. ಹತ್ತು ಜನವೂ ನಿಮ್ಮ ಹೆಸರೇ ಹೇಳಿದರು. ಇದೊಂದು ವರ್ಷ ನಿಮ್ಮ ಬಟ್ಟು ಕೊಡಿ. ಅದನ್ನೇ ಇಟ್ಟು ಉಳಿದವರದು ನೋಡಿಬಿಡುತ್ತೇನೆ."

ಬುಟ್ಟಿ ಹೊತ್ತವಳ ಮುಂದೆ ಸರ್ಕಾರ ಬಂದು ನಿಂತಿತ್ತು. ಅವಳ ಎದೆ ತುಂಬಿತು. ಬಟ್ಟುಗಳನ್ನು ತೊಳೆದು ಒರೆಸಿ ಕೊಟ್ಟಳು. ಬಿಸಿಲಿನಲ್ಲೇಕೆ ಎಂದು ಮೇಜನ್ನು ತನ್ನ ಅಂಗಡಿಯ ಜಗಲಿಗೇ ಹಾಕಿಸಿದಳು. ಮಜ್ಜಿಗೆ ಕೊಟ್ಟಳು. ಅವನು ಕುಡಿದ. ಕೆಟ್ಟವನಲ್ಲ, ಬಾಯಾರಿದ್ದ.

ಮರುವರ್ಷವೂ ಪೆಟ್ಟಿಗೆ ಬರಲಿಲ್ಲ. ಮೂರನೆಯ ವರ್ಷ ಅದಕ್ಕಾಗಿ ಯಾರೂ ಕಾಗದ ಬರೆಯಲಿಲ್ಲ. ಕೆಲಸ ನಡೆಯುತ್ತಿತ್ತಲ್ಲ. ಮುದ್ರೆ ಒತ್ತುವ ದಿನ ಬೇಳೆಯಕ್ಕ ಅಧಿಕಾರಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಸಾಹುಕಾರ ಈಗ ಮುದುಕನಾಗಿದ್ದ. ಅವನು ಅವಳ ಮೆಟ್ಟಿಲ ಕೆಳಗೆ ಬಟ್ಟು ಹಿಡಿದುಕೊಂಡು ನಿಲ್ಲುತ್ತಿದ್ದ. ಅದನ್ನು ನೋಡುವುದು ಅವಳಿಗೆ ಇಷ್ಟವಾಗಿತ್ತು. ಅಂಗಡಿ ಬೆಳೆಯಿತು. ಅವಳು ಯಾರಿಗೂ ಮೋಸ ಮಾಡಲಿಲ್ಲ, ಸರ್ಕಾರದಿಂದ ಏನನ್ನೂ ಕೇಳಲಿಲ್ಲ. ಹೀಗೆ ಹನ್ನೊಂದು ವರ್ಷ ಕಳೆಯಿತು.

ಆ ಪೇಟೆಯಲ್ಲಿ ಬಟ್ಟೆ ಹೊಲಿದು ಬದುಕುವ ಹೆಂಗಸೊಬ್ಬಳಿದ್ದಳು. ತಿಂಗಳಿಗೆ ಎರಡು ಕಿಲೋ ತೊಗರಿಬೇಳೆ ಒಯ್ಯುವವಳು. ಒಂದು ದಿನ ಬಂದು ನಿಂತಳು.

"ಅಕ್ಕಾ, ಕೋಪ ಮಾಡಿಕೋಬೇಡಿ. ಮೊದಲೆಲ್ಲ ನಿಮ್ಮ ಎರಡು ಕಿಲೋ ತಿಂಗಳು ಪೂರ್ತಿ ಬರುತ್ತಿತ್ತು. ಈಗ ಕೊನೆಯ ದಿನಕ್ಕೆ ಡಬ್ಬ ಬರಿದಾಗಿರುತ್ತೆ."

"ಮನೆಗೆ ನೆಂಟರು ಬಂದಿರಬೇಕು."

"ನನ್ನ ಮನೆಗೆ ಯಾವ ನೆಂಟರು ಬರುತ್ತಾರಕ್ಕ? ಇರೋರು ಅಷ್ಟೇ ಜನ, ತಿನ್ನೋದೂ ಅಷ್ಟೇ. ಬೇರೆ ಅಂಗಡಿಯಲ್ಲೂ ತಂದು ನೋಡಿದೆ. ಅಲ್ಲೂ ಹಾಗೇ."

"ಹಾಗಾದರೆ ನೀನು ಅಳೆಯೋ ಲೋಟವೇ ದೊಡ್ಡದಿರಬೇಕು ಕಣಮ್ಮ."

ಅಂಗಡಿಯಲ್ಲಿದ್ದವರು ನಕ್ಕರು. ಬೇಳೆಯಕ್ಕನೂ ನಗಲು ಹೋದಳು. ಆಗಲಿಲ್ಲ. ಆ ನಗು ಅವಳಿಗೆ ಗುರುತಿತ್ತು.

ಆ ಹೆಂಗಸು ಹೋದ ಮೇಲೆ ಬೇಳೆಯಕ್ಕ ತನ್ನ ಎರಡು ಕಿಲೋದ ಬಟ್ಟನ್ನು ಚೀಲದಲ್ಲಿಟ್ಟುಕೊಂಡು ಪೇಟೆಗೆ ಇಳಿದಳು. ಒಂದೊಂದು ಅಂಗಡಿಗೂ ಹೋಗಿ ಅವರ ಬಟ್ಟಿನ ಎದುರು ತನ್ನದನ್ನು ಇಟ್ಟು ನೋಡಿದಳು. ಎಲ್ಲ ಕಡೆಯೂ ಸಮ ಬಂತು. ಬರದೆ ಏನು? ಹನ್ನೊಂದು ವರ್ಷದಿಂದ ಎಲ್ಲವೂ ಅವಳ ಬಟ್ಟಿಗೇ ಸಮ ಮಾಡಿಸಿಕೊಂಡ ಬಟ್ಟುಗಳು. ಅಲ್ಲಿಂದ ಬಸ್ಸು ಹತ್ತಿ ಅಧಿಕಾರಿಯ ಕಚೇರಿಗೆ ಹೋದಳು.

"ನನ್ನ ಬಟ್ಟು ಸರಿಯಿದೆಯೋ ಇಲ್ಲವೋ ನೋಡಪ್ಪ" ಎಂದಳು.

"ನಿಮ್ಮದನ್ನು ಯಾವುದರ ಎದುರಿಗಿಟ್ಟು ನೋಡಲಿ ಅಕ್ಕಾ?" ಎಂದು ಅವನು ನಕ್ಕ. "ನೀವು ಸರಿ ಅಂದರೆ ಸರಿ. ನಾನು ನಿಮ್ಮ ಮೇಲೆ ಅನುಮಾನ ಪಡುತ್ತೇನೆಯೇ?"

ಅವಳು ಬಂದು ಅಂಗಡಿಯಲ್ಲಿ ಕೂತಳು. ಅವಳಿಗೆ ಆ ಹಳೆಯ ಬಿಸಿಲು ನೆನಪಾಯಿತು. ಆ ಸಾಲು, ಆ ಮೇಜು, ಹಿತ್ತಾಳೆಯ ಬಟ್ಟನ್ನು ಬಟ್ಟೆಯಲ್ಲಿ ಹಿಡಿದು ಮಗುವನ್ನು ಮಲಗಿಸುವಂತೆ ತಟ್ಟೆಯಲ್ಲಿಡುತ್ತಿದ್ದ ಆ ಕೈ. ತಕ್ಕಡಿಯ ಮುಳ್ಳು ಅತ್ತಿತ್ತ ಆಡಿ ನಿಲ್ಲುವವರೆಗೆ ಪೇಟೆಯೆಲ್ಲ ಉಸಿರು ಹಿಡಿದಿರುತ್ತಿತ್ತು. ಆಗ ಆ ಮನುಷ್ಯ ಸರಿಯಿದೆ ಎಂದರೆ ಅದು ಒಂದು ವರ್ಷ ಅವಳ ಬೆನ್ನಿಗಿರುತ್ತಿತ್ತು. ಸವೆದಿದೆ ಎಂದರೆ ತಿದ್ದಿಕೊಳ್ಳಲು ದಾರಿಯಿರುತ್ತಿತ್ತು. ಆ ದಿನಗಳಲ್ಲಿ ತಾನು ಪ್ರಾಮಾಣಿಕಳೆಂದು ಅವಳಿಗೆ ಗೊತ್ತಿತ್ತು. ಈಗ ಅದನ್ನು ಬರಿದೇ ನಂಬಬೇಕಾಗಿತ್ತು. ಎಷ್ಟು ಜನರ ಎಷ್ಟು ಒಲೆಗಳ ಮುಂದೆ ತಾನು ಕಳ್ಳಿಯಾಗಿರಬಹುದೆಂದು ಲೆಕ್ಕ ಹಾಕಲೂ ಅವಳ ಕೈಯಲ್ಲಿ ಒಂದು ಸರಿಯಾದ ಬಟ್ಟು ಇರಲಿಲ್ಲ.

ಆ ವರ್ಷ ಮುದ್ರೆ ಒತ್ತುವ ದಿನ ಬಂತು. ಬೇಳೆಯಕ್ಕ ಅಂಗಡಿಗೆ ಬೀಗ ಹಾಕಿದಳು. ತನ್ನ ಬಟ್ಟುಗಳನ್ನೆಲ್ಲ ಚೀಲಕ್ಕೆ ತುಂಬಿ, ಹಿಂದೆ ಮೇಜು ಹಾಕುತ್ತಿದ್ದ ಬಯಲಿಗೆ ಹೋಗಿ ಒಬ್ಬಳೇ ನಿಂತಳು. ಅಧಿಕಾರಿ ಎಂದಿನಂತೆ ಬಂದು ಜಗಲಿಯ ಮೇಲೆ ಕೂತ.

"ಬಿಸಿಲಲ್ಲಿ ಯಾಕಕ್ಕಾ, ನೆರಳಿಗೆ ಬನ್ನಿ" ಎಂದು ಅಲ್ಲಿಂದಲೇ ಕರೆದ.

ಅವಳು ಕದಲಲಿಲ್ಲ. ಮುದುಕ ಸಾಹುಕಾರ ಕೋಲೂರಿಕೊಂಡು ಹತ್ತಿರ ಬಂದ.

"ಯಾರಿಗೆ ಕಾಯ್ತಿದ್ದೀಯೇ, ಸರ್ಕಾರ ಅಲ್ಲಿ ನಿನ್ನ ಜಗಲಿ ಮೇಲೇ ಕೂತಿದೆಯಲ್ಲ?"

"ಅದು ನನ್ನನ್ನ ನಂಬಿಬಿಟ್ಟಿದೆ ಸಾಹುಕಾರರೇ" ಎಂದಳು ಬೇಳೆಯಕ್ಕ. "ನಂಬದೆ ಇರೋರು ಒಬ್ಬರು ಬರಲಿ ಅಂತ ಕಾಯ್ತಿದ್ದೀನಿ."

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ:

"ಕೊನೆಗೆ ಅವಳ ತೂಕ ಸರಿಯಿತ್ತೋ, ಕಡಿಮೆಯಿತ್ತೋ?"

"ನೀನು ಆ ಗಿರಣಿಯವರ ಜಗಲಿ ಇಳಿದ ದಿನ ತಿಳಿಯುತ್ತದೆ" ಎಂದರು ಗುರುಗಳು.